ಸೂಳೆಕೆರೆಯ ಸೀಮೆ: ಒಂದು ಚಾರಿತ್ರಿಕ ವಿವೇಚನೆ

ಮಠದ ಚರಿತ್ರೆಯನ್ನು ಬರೆಯಹೊರಟವರು ಗುರುಪರಂಪರೆಯನ್ನು ಹೇಳಿ ಸುಮ್ಮನಾಗುವುದು ವಾಡಿಕೆ. ಆದರೆ ಗುರುವಿಗೆ ಶಿಷ್ಯನಿರುವಂತೆ ಮಠಕ್ಕೆ ಒಂದು ಸೀಮೆಯುಂಟು. ದಾಸೋಹಕ್ಕೆ ಬರುವ ಬತ್ತವು ಯಾವ ಗದ್ದೆಯಲ್ಲಿ ಬೆಳೆಯಿತು, ಆ ಗದ್ದೆಗೆ ನೀರು ಎಲ್ಲಿಂದ ಹರಿಯಿತು, ಆ ನೀರನ್ನು ಕಾದವರು ಯಾರು ಎಂಬುದನ್ನರಿಯದೆ ದಾಸೋಹದ ಚರಿತ್ರೆಯು ಪೂರ್ಣವಾಗದು. ಈ ಮಹೋತ್ಸವ ಸಂಪುಟದಲ್ಲಿ ಗುರುಗಳ ಮಹಿಮೆಯನ್ನು ಬಲ್ಲವರು ಅದನ್ನು ವರ್ಣಿಸಲಿ. ನಾವು ಸೂಳೆಕೆರೆಯ ಸೀಮೆಯ ಪೂರ್ವೋತ್ತರವನ್ನು ಯಥಾಮತಿಯಾಗಿ ಸದ್ಭಕ್ತರ ಮುಂದಿಡುತ್ತೇವೆ.

ಸೀಮೆಯ ಸ್ಥಿತಿ

ದಾವಣಗೆರೆ ಜಿಲ್ಲೆಗೆ ಸೇರಿದ ಚನ್ನಗಿರಿಯ ತಾಲ್ಲೂಕು ಮಲೆನಾಡಿನ ಸೆರಗಿಗೂ ಬಯಲುನಾಡಿನ ಅಂಚಿಗೂ ನಡುವೆ ಇರತಕ್ಕದ್ದು. 1997ನೆಯ ಇಸವಿಯ ವರೆಗೆ ಇದು ಶಿವಮೊಗ್ಗ ಜಿಲ್ಲೆಯ ಅಂಗವಾಗಿತ್ತು. ತಾಲ್ಲೂಕಿನ ದಕ್ಷಿಣ ಪಶ್ಚಿಮಗಳಲ್ಲಿ ಗುಡ್ಡದ ಸಾಲುಗಳಿರುವುವು. ಆ ಗುಡ್ಡಗಳಿಂದಿಳಿದು ಬರುವ ಹಳ್ಳಗಳೆಲ್ಲವೂ ಒಂದುಗೂಡಿ, ಎರಡು ಬೆಟ್ಟಗಳ ನಡುವಣ ಇಕ್ಕಟ್ಟಾದ ಕಣಿವೆಯ ಮೂಲಕ ಉತ್ತರಕ್ಕೆ ಹಾಯುವುವು. ಆ ಕಣಿವೆಯ ಬಾಯಿಗೆ ಪೂರ್ವಿಕರು ಏರಿಯನ್ನು ಹಾಕಿದರು. ಹಾಗೆ ನಿಂತ ನೀರೇ ಸೂಳೆಕೆರೆ. ಕೆರೆಯಿಂದ ಹೊರಟ ಹಳ್ಳಕ್ಕೆ ಹರಿದ್ರಾ ಎಂಬ ಹೆಸರುಂಟು. ಅದು ಬಡಗಣ ಮುಖವಾಗಿ ಹರಿದು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ.

ಕೆರೆಯ ಹರಹು ಸುಮಾರು 6,550 ಎಕರೆ. ಅದಕ್ಕೆ ನೀರನ್ನು ತಂದೀಯುವ ಜಲಾನಯನ ಭೂಮಿಯು 81,000 ಎಕರೆಗೂ ಮಿಕ್ಕಿದುದು. ಏಷಿಯಾ ಖಂಡದಲ್ಲಿ ಮನುಷ್ಯರು ಕಟ್ಟಿದ ಕೆರೆಗಳೊಳಗೆ ಇದು ಎರಡನೆಯದೆಂದು ಜನರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಏರಿಯ ಉದ್ದವಾದರೋ ಕೆರೆಯ ವಿಸ್ತಾರಕ್ಕೆ ಹೋಲಿಸಿದರೆ ಅಲ್ಪವೇ. ಆದರೆ ಅದರ ದಪ್ಪವೂ ಎತ್ತರವೂ ಕಲ್ಲುಕಟ್ಟಡವೂ ನೋಡಿದವರನ್ನು ಬೆರಗುಗೊಳಿಸುವುವು. ಸಣ್ಣ ಏರಿಯಿಂದ ದೊಡ್ಡ ನೀರನ್ನು ನಿಲ್ಲಿಸುವ ತಾಣವನ್ನು ಹುಡುಕಿದುದರಲ್ಲಿಯೇ ಕಟ್ಟಿದವರ ಜಾಣ್ಮೆಯು ಕಾಣುತ್ತದೆ. ಸಿದ್ಧನಾಲೆ, ಬಸವನಾಲೆ ಎಂಬ ಎರಡು ಕಾಲುವೆಗಳಿಂದ ಕೆಳಗಣ ಅಚ್ಚುಕಟ್ಟಿಗೆ ನೀರು ಹರಿಯುತ್ತದೆ. ಒಂದು ನಾಲೆಗೆ ಸಿದ್ಧನ ಹೆಸರು, ಇನ್ನೊಂದಕ್ಕೆ ಬಸವನ ಹೆಸರು. ಈ ಸೀಮೆಯ ಒಕ್ಕಲುಮಕ್ಕಳ ಭಕ್ತಿಯು ಎತ್ತ ಒಲಿದಿತ್ತೆಂಬುದಕ್ಕೆ ಬೇರೆ ಶಾಸನ ಬೇಕಿಲ್ಲ.

ಕೆರೆಯ ಐತಿಹ್ಯ

ಈ ಕೆರೆಯು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಲ್ಪಟ್ಟಿತೆಂದು ಜನರು ಪರಂಪರೆಯಿಂದ ಹೇಳುತ್ತ ಬಂದಿರುವರು. ಕೆರೆಯ ಅಂಗಳವಿರುವಲ್ಲಿ ಪೂರ್ವದಲ್ಲಿ ಸ್ವರ್ಗಾವತಿಯೆಂಬ ಪಟ್ಟಣವಿದ್ದಿತಂತೆ. ಅಲ್ಲಿಯ ಅರಸನಾದ ವಿಕ್ರಮರಾಯನಿಗೆ ಶಾಂತವ್ವೆಯೆಂಬ ಮಗಳು. ಆಕೆಯು ಸಿದ್ಧದೇವನಲ್ಲಿ ಮನವಿಟ್ಟು ತಂದೆಯ ಕೋಪಕ್ಕೆ ಗುರಿಯಾದಳೆಂದೂ, ತನ್ನ ಮೇಲೆ ಬಂದ ಅಪವಾದವನ್ನು ಕಳೆದುಕೊಳ್ಳಲು ಲೋಕೋಪಕಾರವಾದ ಕೆರೆಯೊಂದನ್ನು ಕಟ್ಟಿಸುವ ಸಂಕಲ್ಪ ಮಾಡಿದಳೆಂದೂ ಹೇಳುವರು. ಆಕೆಯು ಬಯಸಿದ ನೆಲದಲ್ಲಿ ಸೂಳೆಯರ ಕೇರಿಯಿದ್ದಿತು. ನೆಲವನ್ನು ಬಿಟ್ಟುಕೊಡಬೇಕಾದರೆ ಕೆರೆಗೆ ತಮ್ಮ ಹೆಸರನ್ನಿಡಬೇಕೆಂದು ಅವರು ಕೇಳಿದರು. ರಾಜಪುತ್ರಿಯು ಒಪ್ಪಿದಳು, ಕೆರೆಯು ತುಂಬಿತು, ಪಟ್ಟಣವು ಮುಳುಗಿತು, ಹೆಸರು ನಿಂತಿತು. ಹಿಂದಿನ ಶತಮಾನಗಳ ಮೈಸೂರು ಸಂಸ್ಥಾನದ ಚರಿತ್ರೆಯನ್ನು ಶೋಧಿಸಿದ ಲೂಯಿ ರೈಸರು ಈ ಕಥೆಯನ್ನು ಕೇಳಿ ತಮ್ಮ ಗೆಜೆಟಿಯರಿನಲ್ಲಿ ಬರೆದಿಟ್ಟಿರುವರು.

ಇದು ಐತಿಹ್ಯವೇ ಹೊರತು ಶಾಸನದ ಮಾತಲ್ಲ. ಆದರೂ ಐತಿಹ್ಯವು ತನ್ನದೇ ಬಗೆಯಲ್ಲಿ ಸಾಕ್ಷಿ ನುಡಿಯುತ್ತದೆ. ನಾಡಿನ ಅನೇಕ ಕೆರೆಗಳಿಗೆ ಅರಸರ, ಮಂತ್ರಿಗಳ, ಸೆಟ್ಟಿಗಳ ಹೆಸರುಗಳುಂಟು. ಇಷ್ಟು ದೊಡ್ಡ ನೀರಿಗೆ ಅರಸನ ಹೆಸರು ಅಂಟದೆ, ಊರ ಹೊರಗೆ ನಿಲ್ಲಿಸಲ್ಪಟ್ಟ ಹೆಂಗಸರ ಹೆಸರು ಅಂಟಿರುವುದು ಸಾಮಾನ್ಯ ಸಂಗತಿಯಲ್ಲ. ಮನೆಮಠಗಳನ್ನು ಕಳೆದುಕೊಂಡವರಿಗೆ ಒಂದು ಮಾತು ಕೊಟ್ಟಿದ್ದೆವು, ಅದನ್ನು ನಡೆಸಿದೆವು ಎಂಬ ನೆನಪು ಆ ಹೆಸರಿನಲ್ಲಿದೆ.

ಈಗಿನ ಕಾಲದಲ್ಲಿ ಈ ಕೆರೆಯನ್ನು ಶಾಂತಿಸಾಗರವೆಂದೂ ಕರೆಯುವರು. ಶಾಂತವ್ವೆಯ ಸ್ಮರಣೆಯಾಗುವುದರಿಂದ ಇದೂ ಒಳ್ಳೆಯ ಹೆಸರೇ. ಆದರೆ ಹಳೆಯ ಹೆಸರನ್ನು ನುಡಿಯಲು ಸಂಕೋಚಪಟ್ಟು ಹೊಸದನ್ನು ಹಿಡಿಯುವವರಿಗೆ ಶರಣಮಾರ್ಗದ ಒಂದು ಸಂಗತಿಯನ್ನು ನೆನಪಿಸುವುದು ನಮ್ಮ ಕರ್ತವ್ಯ. ಕಲ್ಯಾಣದ ಶರಣಸಮೂಹದೊಳಗೆ ಸೂಳೆ ಸಂಕವ್ವೆಯೆಂಬ ವಚನಕಾರ್ತಿಯೊಬ್ಬಳುಂಟು. ಆಕೆಯದಾಗಿ ನಮಗೆ ಉಳಿದು ಬಂದಿರುವುದು ಒಂದೇ ವಚನ. ಆಕೆಯ ಅಂಕಿತ ನಿರ್ಲಜ್ಜೇಶ್ವರ. ತನ್ನ ಹಿಂದಿನ ಕಸುಬನ್ನು ಆಕೆ ಮರೆಮಾಚಲಿಲ್ಲ. ಶರಣರೂ ಮರೆಮಾಚೆಂದು ಕೇಳಲಿಲ್ಲ. ಆ ಹೆಸರಿನಿಂದಲೇ ಆಕೆಯು ಪೂಜ್ಯಳಾದಳು. ಸಂಕವ್ವೆಯನ್ನು ವಂದಿಸುವ ಬಾಯಿ ಸೂಳೆಕೆರೆಯೆನ್ನಲು ಏಕೆ ನಾಚಬೇಕು? ಎರಡು ಹೆಸರುಗಳೂ ಇರಲಿ. ಕಟ್ಟಿಸಿದವಳನ್ನು ಒಂದು ನೆನೆಯಲಿ, ನೆಲವನ್ನು ತೆತ್ತವರನ್ನು ಇನ್ನೊಂದು ನೆನೆಯಲಿ.

ಕೆರೆಯೂ ಕಾಯಕವೂ

ಕೆರೆ ಕಟ್ಟುವುದನ್ನು ನಮ್ಮ ಪೂರ್ವಿಕರು ಪುಣ್ಯಕಾರ್ಯವೆಂದೆಣಿಸಿದರು; ಶರಣರು ಅದನ್ನೇ ಇನ್ನೂ ಆಳವಾಗಿ ವಿಚಾರಿಸಿದರು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ತೋಡಿಸುತ್ತಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಹೊರಗಣ ಕೆರೆಯಿಂದ ಒಳಗಣ ಅರಿವಿನ ಕಡೆಗೆ ಅವರನ್ನು ತಿರುಗಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬಂದಿರುವುದನ್ನು ಭಕ್ತರೆಲ್ಲರೂ ಬಲ್ಲರು. ಹೀಗೆಂದ ಮಾತ್ರಕ್ಕೆ ಪ್ರಭುಗಳು ಕೆರೆಯನ್ನು ಹಳಿದರೆಂದು ತಿಳಿಯಬಾರದು. ನಾನು ಕಟ್ಟಿಸಿದೆನೆಂಬ ಅಹಂಭಾವವನ್ನು ಅವರು ಕಿತ್ತರು. ಸೊಲ್ಲಾಪುರದಲ್ಲಿ ಆ ಕೆರೆಯು ಇಂದಿಗೂ ಇದೆ. ಕೆರೆ ಬಾವಿಗಳನ್ನು ತೋಡುವ ಕಾಯಕದ ಒಡ್ಡರು, ಎಂದರೆ ಭೋವಿ ಸಮಾಜದವರು, ಸಿದ್ಧರಾಮರನ್ನು ತಮ್ಮ ಕುಲಗುರುವೆಂದು ಪೂಜಿಸುವರು.

ಈ ದೃಷ್ಟಿಯಿಂದ ನೋಡಿದಲ್ಲಿ ಸೂಳೆಕೆರೆಯಂತಹ ಕೆರೆಯು ಒಬ್ಬರ ಕೃತಿಯಲ್ಲವೆಂಬುದು ಸ್ಪಷ್ಟವಾಗುವುದು. ಮಣ್ಣನ್ನು ಅಗೆದು ಹೊತ್ತವರು ಒಡ್ಡರು. ಹದವರಿತು ತೂಬನ್ನೆತ್ತಿ ಗದ್ದೆಗದ್ದೆಗೂ ನೀರನ್ನು ಹಂಚಿದವನು ನೀರುಗಂಟಿ. ಅನೇಕ ಊರುಗಳಲ್ಲಿ ಈ ಕೆಲಸವು ಹರಿಜನರ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ನಡೆದುಬಂದಿತು, ಸುಗ್ಗಿಯ ಕಾಲದಲ್ಲಿ ಕಣದಲ್ಲಿ ಸಲ್ಲುವ ಆಯವೇ ಅವನ ಸಂಬಳವಾಗಿತ್ತು. ನೀರಿನಲ್ಲಿ ಬಲೆಬೀಸಿ ಬದುಕುವವರು ಗಂಗಾಮತಸ್ಥರು. ಕೆರೆಯ ಜೇಡಿಯನ್ನು ಮಡಕೆಯಾಗಿಸುವವನು ಕುಂಬಾರ. ಬಟ್ಟೆಯನ್ನು ಶುಚಿಗೊಳಿಸುವವನು ಮಡಿವಾಳ. ಬೇಸಗೆಯಲ್ಲಿ ಕೆರೆಯಂಗಳ ಬತ್ತಿದಾಗ ಹಸುರನ್ನು ಹುಡುಕಿ ಕುರಿಗಳನ್ನು ಅಟ್ಟಿಕೊಂಡು ಬರುವವನು ಕುರುಬ. ಗುಡ್ಡದ ಓರೆಯ ತಾಂಡಾಗಳಲ್ಲಿ ಲಂಬಾಣಿಗಳು ನೆಲೆಸಿರುವರು. ಅವರ ಆರಾಧ್ಯರಾದ ಸೇವಾಲಾಲರ ಜನ್ಮಸ್ಥಳವೆನಿಸಿದ ಸೂರಗೊಂಡನಕೊಪ್ಪವು ಇಲ್ಲಿಗೆ ಬಹುದೂರದಲ್ಲಿಲ್ಲ. ಬೇಡನಾಯಕರು, ಮುಸಲ್ಮಾನರು, ವಿಪ್ರರು, ಲಿಂಗವಂತ ಒಕ್ಕಲುಗಳು ಎಲ್ಲರೂ ಒಂದೇ ನೀರಿನ ಋಣಿಗಳು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಮಾದಾರ ಚೆನ್ನಯ್ಯ ಎಂದು ನಾವು ನಿತ್ಯವೂ ಸ್ಮರಿಸುವ ಶರಣರ ಹೆಸರುಗಳನ್ನು ನೋಡಿರಿ. ಕೆರೆಯ ಕೆಳಗಣ ಒಂದು ಊರಿನ ಕೇರಿಗಳನ್ನು ಸುತ್ತಿಬಂದಂತೆಯೇ ಇರುವುದು.

ಅರಸೊತ್ತಿಗೆಗಳು

ಕೆರೆಯ ಕೆಳಗೆ ಬತ್ತ ಬೆಳೆಯುವ ನಾಡು ಯಾವ ಅರಸನ ಕಣ್ಣಿಗೂ ಬೀಳದೆ ಇರದು. ವಿಜಯನಗರದ ಸಾಮ್ರಾಜ್ಯವು ಕುಗ್ಗಿದ ಬಳಿಕ ಬಸವಾಪಟ್ಟಣ ಮತ್ತು ಸಂತೇಬೆನ್ನೂರುಗಳಲ್ಲಿ ಪಾಳೆಯಗಾರರು ಬಲಗೊಂಡರು. ಅವರಲ್ಲಿ ಕೆಂಗ ಹನುಮಪ್ಪನಾಯಕನು ಪ್ರಸಿದ್ಧನು. ಸಂತೇಬೆನ್ನೂರಿನ ಪುಷ್ಕರಿಣಿಯು ಅವನ ಹೆಸರಿನೊಡನೆ ಸೇರಿಕೊಂಡಿರುವುದು. ನಾಲ್ಕು ಕಡೆಯೂ ಸೋಪಾನಗಳು, ನೀರಿನ ನಡುವೆ ವಸಂತಮಂಟಪ, ಸುತ್ತಲೂ ಚಿಕ್ಕ ಮಂಟಪಗಳು; ನೋಡಿದವರು ಮರೆಯಲಾರರು. ಇದಿರಿನಲ್ಲಿಯೇ ಬಿಜಾಪುರದ ಆಳಿಕೆಯ ಕಾಲದ ಮುಸಾಫಿರಖಾನೆಯು ನಿಂತಿದೆ. ಒಂದು ಕಾಲದಲ್ಲಿ ಇವೆರಡರ ಹಿಂದೆ ಕಾಳಗವೂ ಕ್ರೋಧವೂ ಇದ್ದುವು. ಈಗ ಇವೆರಡೂ ಒಂದೇ ಆವರಣದಲ್ಲಿ ನಾಡಿನ ಸೊತ್ತಾಗಿ ಕಾಪಾಡಲ್ಪಡುತ್ತಿವೆ.

ಆ ಕಾಳಗದ ಕಾರಣವನ್ನು ತಿಳಿಯುವುದು ಆವಶ್ಯಕ. ಹನುಮಪ್ಪನಾಯಕನಿಗೂ ಇಕ್ಕೇರಿಯ ವೀರಭದ್ರನಾಯಕನಿಗೂ ವೈರವಿದ್ದಿತು. ನೆರೆಯವನನ್ನು ತಗ್ಗಿಸಬೇಕೆಂಬ ಹಟದಿಂದ ಅವನು ಬಿಜಾಪುರದ ಸೇನೆಗೆ ದಾರಿಯನ್ನು ತೋರಿದನು. 1637-38ರಲ್ಲಿ ರಣದುಲ್ಲಾಖಾನನು ಇಕ್ಕೇರಿಯನ್ನು ಸೂರೆಗೊಂಡನು. ಆದರೆ ಕರೆದವನಿಗೂ ಸುಖವಾಗಲಿಲ್ಲ. ಸ್ವಲ್ಪಕಾಲದಲ್ಲಿಯೇ ಬಸವಾಪಟ್ಟಣವೂ ಬಿಜಾಪುರದ ವಶವಾಯಿತು. ಆ ಸೇನೆಯೊಡನೆ ಕರ್ಣಾಟಕಕ್ಕೆ ಬಂದವರಲ್ಲಿ ಛತ್ರಪತಿ ಶಿವಾಜಿಯ ತಂದೆಯಾದ ಶಹಾಜಿಯೂ ಒಬ್ಬನು. ಅವನು 1664ರಲ್ಲಿ ಈ ಸೀಮೆಯಲ್ಲಿ ಬೇಟೆಯಾಡುತ್ತಿರುವಾಗ ಮೃತನಾದನು. ಚನ್ನಗಿರಿಗೆ ಸಮೀಪದ ಹೊದಿಗೆರೆಯಲ್ಲಿ ಅವನ ಸಮಾಧಿಯುಂಟು.

1686ರಲ್ಲಿ ಬಿಜಾಪುರವು ಔರಂಗಜೇಬನ ಕೈಸೇರಲಾಗಿ, ಮೊಗಲರು ಶಿರಾ ಸುಭೆಯನ್ನು ಸ್ಥಾಪಿಸಿ ಅದರ ಏಳು ಪರಗಣೆಗಳಲ್ಲಿ ಬಸವಾಪಟ್ಟಣವನ್ನೂ ಒಂದನ್ನಾಗಿ ಮಾಡಿದರು. ಇನ್ನೊಂದು ಕಡೆಯಿಂದ ಕೆಳದಿಯ ಸಂಸ್ಥಾನವು ಈ ಸೀಮೆಯ ಮೇಲೆ ಕೈಚಾಚಿತು. ವೀರಶೈವ ಅರಸುಗಳೊಳಗೆ ಅಗ್ರಗಣ್ಯರಾದ ಕೆಳದಿಯವರಲ್ಲಿ ರಾಣಿ ಚೆನ್ನಮ್ಮಾಜಿಯು 1671ರಿಂದ ಸುಮಾರು ಇಪ್ಪತ್ತೈದು ವರ್ಷಗಳ ಕಾಲ ರಾಜ್ಯವಾಳಿದಳು. ಮೊಗಲರು ಬೆನ್ನಟ್ಟಿ ಬಂದಾಗ ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವಿತ್ತು, ಶರಣು ಬಂದವನನ್ನು ಒಪ್ಪಿಸೆನೆಂದು ಚಕ್ರವರ್ತಿಯ ಸೇನೆಯನ್ನು ಇದಿರಿಸಿದ ಧೀರೆ ಈಕೆಯೇ. ಚನ್ನಗಿರಿಯೆಂಬ ಹೆಸರು ಈಕೆಯಿಂದಲೇ ಬಂದಿತೆಂದು ಹೇಳುವರು. ಹೀಗೆ ಈ ಸೀಮೆಯ ಕೆರೆಗೂ ಕೋಟೆಯೂರಿಗೂ ಸ್ತ್ರೀಯರ ಹೆಸರುಗಳೇ ಉಳಿದಿರುವುದು ಗಮನಾರ್ಹವಾಗಿದೆ.

1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು. ಸೀಮೆಯು ಮೈಸೂರಿಗೆ ಸೇರಿತು. 1799ರ ಬಳಿಕ ಒಡೆಯರ ಆಳಿಕೆಯಲ್ಲಿ ಇದು ನಗರ ಫೌಜುದಾರಿಗೆ ಒಳಪಟ್ಟಿತು. ಆಗ ಶರತ್ತಿನ ಪದ್ಧತಿಯೆಂಬುದೊಂದು ಬಂದಿತು. ಇಂತಿಷ್ಟು ಹಣವನ್ನು ಕೂಡಿಸಿಕೊಡುವೆನೆಂದು ಅಮಲ್ದಾರನು ಶರತ್ತು ಬರೆದುಕೊಟ್ಟು, ಮಳೆ ಬರಲಿ ಬಿಡಲಿ, ರೈತನಿಂದ ಅದನ್ನು ಹಿಂಡುತ್ತಿದ್ದನು. ತಾಳಲಾರದೆ 1830ರಲ್ಲಿ ರೈತರು ಊರೂರುಗಳಲ್ಲಿ ಕೂಟಗಳನ್ನು ಕಟ್ಟಿದರು. ಅದೇ ನಗರದ ದಂಗೆ. ಬಸವಾಪಟ್ಟಣದ ಸೀಮೆಯೂ ಅದರಿಂದ ಹೊರಗುಳಿಯಲಿಲ್ಲ. ಕೆಳದಿಯ ವಂಶಸ್ಥನೆಂದು ಹೇಳಿಕೊಂಡ ಬೂದಿ ಬಸವಪ್ಪನು ಅದರ ಮುಂದಾಳಾದನು. ದಂಗೆಯು ಅಡಗಿತು, ಆದರೆ ಅದರ ಪರಿಣಾಮವಾಗಿ 1831ರಲ್ಲಿ ಇಂಗ್ಲಿಷರು ಸಂಸ್ಥಾನದ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಅರಸೊತ್ತಿಗೆಗಳ ಏಳುಬೀಳುಗಳಲ್ಲಿ ಹೆಸರಿಲ್ಲದೆ ಉಳಿದ ಒಕ್ಕಲುಮಕ್ಕಳು ತಮ್ಮ ಮಾತನ್ನು ತಾವೇ ಆಡಿದ ಸಂದರ್ಭವೆಂದು ಇದನ್ನು ಚರಿತ್ರಕಾರರು ಎಣಿಸಬೇಕು.

ಉಳಿದುದೇನು?

ಪಾಳೆಯಗಾರ, ಬಿಜಾಪುರ, ಮೊಗಲ, ಕೆಳದಿ, ಮೈಸೂರು, ಇಂಗ್ಲಿಷರು ಎಂದು ಮುನ್ನೂರು ವರ್ಷಗಳಲ್ಲಿ ಇಷ್ಟು ಧ್ವಜಗಳು ಈ ನೆಲದ ಮೇಲೆ ಹಾರಿದುವು. ಕೋಟೆಗಳು ಬಿದ್ದು ಪೊದೆ ಬೆಳೆಯಿತು. ಏರಿಯೊಂದು ಮಾತ್ರ ಬೀಳಲಿಲ್ಲ. ಇದಕ್ಕೆ ಕಾರಣವೇನೆಂದು ವಿಚಾರಿಸೋಣ.

ಕಲ್ಲು ಗಟ್ಟಿಯಾಗಿದ್ದುದೊಂದೇ ಕಾರಣವಲ್ಲ. ಏರಿಯು ಪ್ರತಿವರ್ಷವೂ ಕಾವಲನ್ನು ಬೇಡುತ್ತದೆ. ಇಲಿಯ ಬಿಲ, ಮರದ ಬೇರು, ತೂಬಿನ ಬಿರುಕು, ಇವು ಚಿಕ್ಕವಾಗಿರುವಾಗಲೇ ಮುಚ್ಚದಿದ್ದಲ್ಲಿ ಒಂದು ಮುಂಗಾರಿನಲ್ಲಿ ಎಲ್ಲವೂ ಕೊಚ್ಚಿಹೋದೀತು. ಪೂರ್ವಕಾಲದಲ್ಲಿ ಈ ಕಾವಲಿಗೆ ಏರ್ಪಾಡಿತ್ತು. ಕೆರೆಯ ಕೆಳಗಣ ಬೆಳೆಯಲ್ಲಿ ಒಂದು ಪಾಲನ್ನು ಬಿತ್ತುವಟ್ಟವೆಂದು ಕೆರೆಗೆ ಬಿಡುತ್ತಿದ್ದರು. ಕೆರೆಯನ್ನು ಕಟ್ಟಿದವರಿಗೆ, ಒಡೆದುದನ್ನು ಸರಿಪಡಿಸಿದವರಿಗೆ ಕಟ್ಟುಕೊಡಗೆಯೆಂದು ಮಾನ್ಯದ ಭೂಮಿಯನ್ನು ಕೊಡುತ್ತಿದ್ದರು. ಹೂಳನ್ನು ಹೊರಸಾಗಿಸಲು ಬಂಡಿಯನ್ನೂ ಕೋಣಗಳನ್ನೂ ಇಟ್ಟು, ಅವುಗಳ ಖರ್ಚಿಗೆ ಉಂಬಳಿಯನ್ನು ಬಿಟ್ಟ ಸಂಗತಿಯು ಕನ್ನಡನಾಡಿನ ಅನೇಕ ಶಾಸನಗಳಲ್ಲಿದೆ. ಹೂಳು ತುಂಬಿದ ಬಂಡಿಯು ಕೆರೆಯಿಂದ ಹೊರಟು ಹೊಲಕ್ಕೆ ಗೊಬ್ಬರವಾಗಿ ಸೇರುತ್ತಿತ್ತು; ಒಂದೇ ಕೆಲಸದಿಂದ ಕೆರೆಯೂ ಹೊಲವೂ ಬದುಕುತ್ತಿದ್ದುವು.

ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು ಸಂಸ್ಥಾನದ ಕೆರೆಗಳನ್ನು ಪರಿಶೀಲಿಸಿ, ಇನ್ನೊಂದು ಹೊಸ ಕೆರೆಗೆ ತಾಣವನ್ನು ಹುಡುಕುವುದೇ ಕಷ್ಟವೆನ್ನುವಷ್ಟು ಸಂಪೂರ್ಣವಾಗಿ ಪೂರ್ವಿಕರು ನೀರನ್ನು ಕಟ್ಟಿರುವರೆಂದು ಆಶ್ಚರ್ಯಪಟ್ಟರು. ಆದರೆ ಆ ವೇಳೆಗೆ ಹಳೆಯ ಏರ್ಪಾಡುಗಳು ಸಡಲಿದ್ದುವು. ಮಾನ್ಯಗಳು ಕಂದಾಯಕ್ಕೆ ಒಳಪಟ್ಟು, ಕೆರೆಯು ಸರ್ಕಾರದ್ದೆಂಬ ಭಾವನೆಯು ಬಲಿಯಿತು. 1876ರಿಂದ 1878ರ ವರೆಗಿನ ದೊಡ್ಡ ಬರದಲ್ಲಿ ಸಂಸ್ಥಾನಕ್ಕೆ ಒದಗಿದ ವಿಪತ್ತು ಘೋರವಾದುದು. 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷಕ್ಕೆ ಮಿಕ್ಕಿದ್ದ ಜನಸಂಖ್ಯೆಯು 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತಲೂ ಕಡಮೆಯಾಯಿತು. 1911ರಲ್ಲಿ ಮೈಸೂರು ಸರ್ಕಾರವು ಕೆರೆ ಪಂಚಾಯಿತಿಗಳ ಶಾಸನವನ್ನು ಮಾಡಿ, ರೈತರ ಕೈಗೆ ಕೆರೆಯನ್ನು ಮರಳಿ ಒಪ್ಪಿಸಲು ಯತ್ನಿಸಿತು. ಕೈಬಿಟ್ಟುಹೋದ ಅಭ್ಯಾಸವನ್ನು ಕಾಗದದಿಂದ ಮರಳಿ ತರುವುದು ಸುಲಭವಾಗಿರಲಿಲ್ಲ.

ಅನಂತರ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಿತು. ಅದರ ನಾಲೆಯ ನೀರಿನಿಂದ ಚನ್ನಗಿರಿಯ ಸೀಮೆಯಲ್ಲಿ ಅಡಕೆಯ ತೋಟಗಳು ಹಬ್ಬಿದುವು. ಮನೆಗಳಿಗೆ ಹಂಚು ಬಂದಿತು, ಮಕ್ಕಳಿಗೆ ವಿದ್ಯೆ ಬಂದಿತು. ಇದು ಸಂತೋಷದ ವಿಷಯವೇ. ಆದರೆ ದೂರದ ನೀರು ಬಂದಾಗ ಹತ್ತಿರದ ನೀರಿನ ಮೇಲಣ ಎಚ್ಚರವು ತಗ್ಗಿತು. ಸೂಳೆಕೆರೆಯ ಅಂಗಳದಲ್ಲಿ ಶತಮಾನಗಳ ಹೂಳು ಕುಳಿತಿದೆ. ದಡದಂಚಿನಲ್ಲಿ ನೀರು ಹಿಂದೆಗೆದೊಡನೆ ನೇಗಿಲು ಮುಂದುವರಿಯಿತು. ಇಂದು ಗದ್ದೆ, ನಾಳೆ ತೋಟ, ನಾಡಿದ್ದು ಪಟ್ಟಾ. ಗಡಿಯನ್ನು ಅಳೆದು ಕಲ್ಲು ನೆಡಬೇಕೆಂದು ಈಚಿನ ವರ್ಷಗಳಲ್ಲಿ ರೈತರೂ ಮಠಾಧೀಶರೂ ಕೂಡಿ ಕೂಗೆತ್ತಿರುವರು. ಈ ಕೆರೆಯ ನೀರನ್ನೇ ಚಿತ್ರದುರ್ಗ ಮೊದಲಾದ ಊರುಗಳ ಜನರು ಕುಡಿಯುವುದರಿಂದ, ಇಲ್ಲಿ ಒತ್ತುವರಿಯಾದ ಒಂದು ಗೇಣು ನೆಲವೆಂದರೆ ಎಲ್ಲಿಯೋ ಒಂದು ಮನೆಯ ಕೊಡವು ಅಷ್ಟು ಬರಿದಾದಂತೆಯೇ.

ಭಕ್ತರಲ್ಲಿ ಬಿನ್ನಹ

ಒತ್ತುವರಿ ಮಾಡಿದವರು ಪರಸ್ಥಳದವರಲ್ಲ. ನಮ್ಮ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವವರಲ್ಲಿಯೂ ಅಂಥವರಿರಬಹುದು. ಉತ್ಸವದ ಸಂಪುಟದಲ್ಲಿ ಇದನ್ನು ಹೇಳುವುದು ಅಪ್ರಿಯವೆಂದು ಕೆಲವರಿಗೆ ತೋರೀತು. ಆದರೆ ಪರಧನವನ್ನು ಮುಟ್ಟೆನೆಂದು ಲಿಂಗವನ್ನು ಕಟ್ಟಿಸಿಕೊಂಡವನು ಕೆರೆಯ ಅಂಗಳವು ಯಾರ ಧನವೆಂದು ತನ್ನನ್ನು ತಾನೇ ಕೇಳಿಕೊಳ್ಳಬೇಕಾದುದು ನ್ಯಾಯ. ಅದು ನೀರುಗಂಟಿಯದು, ಅಂಬಿಗನದು, ಕುರುಬನದು, ಲಂಬಾಣಿಯದು, ದೂರದೂರಿನ ನಲ್ಲಿಯ ಮುಂದೆ ನಿಂತ ತಾಯಿಯದು. ಅದಕ್ಕೆ ಮುಂಚೆ, ತಮ್ಮ ಕೇರಿಯನ್ನೇ ಬಿಟ್ಟುಕೊಟ್ಟು ಹೆಸರೊಂದನ್ನು ಮಾತ್ರ ಕೇಳಿದ ಆ ಹೆಂಗಸರದು. ನೆಲವನ್ನು ಕೊಟ್ಟವರು ಅವರು. ನೆಲವನ್ನು ಕಸಿಯುವವರು ನಾವಾಗಬಾರದು.

ಮಹೋತ್ಸವದ ನೆನಪಿಗೆ ಕಟ್ಟಡಗಳನ್ನು ಕಟ್ಟಿಸುವುದು, ಪಲ್ಲಕ್ಕಿಯನ್ನು ಮಾಡಿಸುವುದು ಉಚಿತವೇ. ಅದರೊಡನೆ ವರ್ಷಕ್ಕೊಮ್ಮೆ, ಬೇಸಗೆಯಲ್ಲಿ ನೀರು ತಗ್ಗಿದಾಗ, ಪ್ರತಿ ಊರಿನ ಭಕ್ತರೂ ಗುರುಗಳ ಅಪ್ಪಣೆಯನ್ನು ಪಡೆದು ತಮ್ಮ ತಮ್ಮ ಊರಿನ ಕೆರೆಕಟ್ಟೆಗಳಿಂದ ಹೂಳಿನ ಬಂಡಿಯನ್ನು ಹೊರಡಿಸುವ ಪದ್ಧತಿಯನ್ನು ಪ್ರಾರಂಭಿಸಿದರೆ, ಅದು ಸಿದ್ಧರಾಮೇಶ್ವರರಿಗೆ ಸಲ್ಲುವ ಸೇವೆಯಾದೀತು. ಇಂದಿನ ಕಾಲದಲ್ಲಿ ಬಂಡಿಗೆ ಬದಲಾಗಿ ಟ್ರಾಕ್ಟರು ಬಂದರೂ ಕಾಯಕವು ಅದೇ. ಹೊರಗಣ ಕೆರೆಯ ಹೂಳನ್ನು ತೆಗೆಯುವಾಗ ಒಳಗಣ ಹೂಳೂ ಕಣ್ಣಿಗೆ ಬೀಳುವುದು. ಪ್ರಭುಗಳು ಸೊನ್ನಲಿಗೆಗೆ ಬಂದು ತೋರಿಸಿಕೊಟ್ಟುದು ಇದನ್ನೇ.

ಏರಿಯನ್ನು ಕಟ್ಟಿದವರ ಹೆಸರು ನಮಗೆ ತಿಳಿಯದು. ಎಂಟು ನೂರು ವರ್ಷಗಳಿಂದ ಅದನ್ನು ಕಾದವರ ಹೆಸರೂ ತಿಳಿಯದು. ಅವರೆಲ್ಲರಿಗೂ ಈ ಮೂಲಕ ವಂದಿಸಿ, ಕೆರೆಯು ಕಾಲಕಾಲಕ್ಕೆ ತುಂಬಿ ಕೋಡಿಬೀಳಲಿ, ಅದರ ಕೆಳಗಣ ಸಕಲ ಕುಲಗಳ ಮಕ್ಕಳೂ ಒಂದೇ ನೀರನ್ನುಂಡು ಒಂದಾಗಿ ಬಾಳಲಿ, ಶ್ರೀಮಠದ ದಾಸೋಹದ ಒಲೆಯು ಆರದಿರಲಿ ಎಂದು ಪರಶಿವನನ್ನು ಪ್ರಾರ್ಥಿಸಿ ಈ ಲೇಖನವನ್ನು ಗುರುಚರಣಕ್ಕೆ ಸಮರ್ಪಿಸುತ್ತೇವೆ. ಶರಣು ಶರಣಾರ್ಥಿ.